ಮಾತ್ರೆ ಹೊತ್ತಿನ ದನಿ

ನನ್ನ ಮೇಜಿನ ಮೇಲೆ ಒಂದು ಖಾಲಿ ಮಾತ್ರೆಪಟ್ಟಿ ಬಿದ್ದುಕೊಂಡಿದೆ. ಬಿಪಿ ಮಾತ್ರೆಯದು. ಬೆನ್ನಿನ ಬೆಳ್ಳಿಹಾಳೆಯೆಲ್ಲ ಹರಿದು ಚಿಂದಿಯಾಗಿದ್ದರೂ ಮುಂಬದಿಯ ಪ್ಲಾಸ್ಟಿಕ್ ಗುಳ್ಳೆಗಳು ಮಾತ್ರ, ನಿವೃತ್ತರಾದ ಮೇಲೂ ಎದೆಯುಬ್ಬಿಸಿಕೊಂಡೇ ಬೆಳಗಿನ ವಾಕಿಂಗಿಗೆ ಹೊರಡುವ ಅಧಿಕಾರಿಗಳ ಹಾಗೆ, ಒಳಗೇನೂ ಇಲ್ಲವೆಂಬುದನ್ನು ಒಪ್ಪಿಕೊಳ್ಳದೆ ಉಬ್ಬಿಕೊಂಡೇ ಇವೆ. ಹೆಬ್ಬೆರಳಿನಿಂದ ಒತ್ತಿದರೆ ಈಗಲೂ ‘ಟುಕ್’ ಎನ್ನುತ್ತವೆ. ಈ ಸದ್ದನ್ನು ನಾಲಗೆಯೊಂದರಿಂದಲೇ ಹೊರಡಿಸುವುದು ನನಗೆ ಗೊತ್ತು. ಅದನ್ನು ಮಾಡಿ ತೋರಿಸಿ ಗೆಳೆಯರಿಂದ ಎಷ್ಟೋ ಸಲ ಚಹಾ ಗಿಟ್ಟಿಸಿಕೊಂಡವನು ನಾನು. ಈಗ ಮಾಡುವುದಿಲ್ಲ. ಯಾಕೆಂದು ಹೇಳಲು ಹೊರಟರೆ ಔಷಧಶಾಸ್ತ್ರ, ಹುಲ್ಲು ತುಂಬಿದ ಒಂದು ಕರು, ನಮ್ಮ ಮೇಡಂಗೆ ಬಂದ ಬಹುಮಾನ, ಇವನ್ನೆಲ್ಲ ಹಾದು ಯಲ್ದೂರಿನ ಹತ್ತಿರದ ಮಾವಿನ ತೋಟವೊಂದರವರೆಗೆ ನೀವು ನನ್ನ ಜೊತೆ ಬರಬೇಕಾಗುತ್ತದೆ. ಬನ್ನಿ, ದೂರವೇನಿಲ್ಲ.

ನಾನು ವಿಶ್ವವಿದ್ಯಾಲಯವೊಂದರ ಔಷಧಶಾಸ್ತ್ರ ವಿಭಾಗದಲ್ಲಿ ಎಂ.ಡಿ. ಓದುತ್ತಿರುವ ವೈದ್ಯ. ವೈದ್ಯ ಎಂದ ಕೂಡಲೇ ಕೈಚಾಚಿ ನಾಡಿ ತೋರಿಸಬೇಡಿ. ನಾನು ರೋಗಿಗಳು ಕಾಣಸಿಗದ ಬಗೆಯ ವೈದ್ಯ. ಕೊರಳಲ್ಲಿ ಸ್ಟೆತಸ್ಕೋಪು ಇಲ್ಲ, ಬಾಗಿಲಲ್ಲಿ ಸಾಲು ಇಲ್ಲ. ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಪ್ರತಿ ಹಬ್ಬಕ್ಕೂ ತಪ್ಪದೆ, “ಅಲ್ಲ ಕಣೋ, ಇಷ್ಟೊಂದು ಓದ್ತಾ ಇದ್ದೀಯಲ್ಲ, ಮೆಡಿಕಲ್ ಸ್ಟೋರ್ ಯಾವಾಗ ಇಡ್ತೀಯ?” ಎಂದು ವಿಚಾರಿಸುತ್ತಾರೆ. ನಾನು ಇನ್ನೂ ಜಾಗ ನೋಡ್ತಾ ಇದ್ದೀನಿ ಎನ್ನುತ್ತೇನೆ. ನಾಚಿಕೆಪಡುವ ಕೆಲಸವನ್ನು ನನ್ನ ಪರವಾಗಿ ಅಮ್ಮ ಮಾಡುತ್ತಾಳೆ.

ಓದಿನಲ್ಲಿ ಸಾಧಾರಣನಾದ ನಾನು ಅಣಕಿಸುವುದರಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. “ಒಳಗೆ ಮೈದಾನ ಐತೆ, ಮುಂದಕ್ಕೆ ನಡೀರಿ” ಎನ್ನುವ ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರು, ತೆಲುಗಿನಲ್ಲಿ ಬೈಯಲು ಶುರುಮಾಡಿ ಕನ್ನಡದಲ್ಲಿ ಸಮಾಧಾನ ಮಾಡುವ ಹಾಸ್ಟೆಲಿನ ಅಡುಗೆಯಾಕೆ, ಪ್ರತಿ ವಾಕ್ಯಕ್ಕೂ ಮುಂಚೆ ಹಳೇ ಸ್ಕೂಟರು ಒದ್ದಂತೆ ಗಂಟಲು ಸರಿಮಾಡಿಕೊಳ್ಳುವ ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಂದು ಮಧ್ಯಾಹ್ನ ಕಾರಿಡಾರಿನಲ್ಲಿ ಮೇಡಂ ದನಿಯಲ್ಲಿ ಇಬ್ಬರು ಕಿರಿಯರನ್ನು ಗದರಿಸುತ್ತಿದ್ದಾಗ ಅವರ ಮುಖ ಬಿಳಿಚಿಕೊಂಡಿತು. ನನ್ನ ನಟನೆಯ ಮಹಿಮೆಯೆಂದುಕೊಂಡೆ. ಬೆನ್ನ ಹಿಂದೆ ಮೇಡಂ ನಿಂತಿದ್ದರು. “ಆ ಕೊನೇ ವಾಕ್ಯ ನಾನು ಅಷ್ಟು ಚೆನ್ನಾಗಿ ಹೇಳಲ್ಲ ಕಣೋ” ಎಂದಷ್ಟೇ ಹೇಳಿ ಒಳಗೆ ಹೋದರು. ಮನೆಗೆ ಫೋನು ಮಾಡಿದರೆ ಅಮ್ಮ ಮೊದಲು ಕೇಳುವುದು ಊಟದ ವಿಚಾರವಲ್ಲ, “ಇವತ್ತು ಯಾರ ದನೀಲಿ ಮಾತಾಡ್ತಾ ಇದ್ದೀಯ?” ಎಂದು. ನಕ್ಕು ಮಾತು ಮುಂದುವರಿಸುತ್ತಿದ್ದೆ. ಉತ್ತರ ನನಗೂ ಗೊತ್ತಿರಲಿಲ್ಲವೆಂಬುದು ಹೊಳೆದದ್ದು ಇತ್ತೀಚೆಗೆ.

ಈ ವಿಭಾಗಕ್ಕೆ ನಾನು ಬಂದದ್ದು ಅಂಕಗಳ ಅಸಹಾಯಕತೆಯಿಂದ; ಇಲ್ಲೇ ಮನಸ್ಸು ನಿಂತದ್ದು, ಔಷಧಗಳಲ್ಲಿ ಬಹಳಷ್ಟು ನನ್ನ ಕಸುಬಿನವೇ ಎಂದು ತಿಳಿದಾಗ. ನಮ್ಮ ಜೀವಕೋಶಗಳ ಮೈಮೇಲೆ ರಿಸೆಪ್ಟರ್ ಎಂಬ ಪುಟ್ಟ ಪುಟ್ಟ ಕಿವಿಗಳಿವೆ. ನಾವು ಹೆದರಿದಾಗ ಮೈಯೊಳಗೇ ಹುಟ್ಟುವ ರಸವೊಂದು ಬಂದು ಆ ಕಿವಿಯಲ್ಲಿ ಪಿಸುಗುಟ್ಟುತ್ತದೆ, ಎದೆ ಬಡಿದುಕೊಳ್ಳುತ್ತದೆ. ಆ ರಸದ ದನಿಯನ್ನು ಅಣಕಿಸಬಲ್ಲ ಔಷಧವೊಂದನ್ನು ಸೂಜಿಯಲ್ಲಿ ಕಳಿಸಿದರೂ ಎದೆ ಅಷ್ಟೇ ನಿಷ್ಠೆಯಿಂದ ಬಡಿದುಕೊಳ್ಳುತ್ತದೆ. ಹೆದರಲು ಕಾರಣವಿಲ್ಲ, ಆದರೂ ಹೆದರಿಕೆಯ ಬಡಿತ ಪೂರ್ತಿಯಾಗಿ ಇದೆ. ಕಿವಿಗೆ ಮುಖ ನೋಡುವ ಅಭ್ಯಾಸವಿಲ್ಲ. ಮೊದಲ ಸಲ ಇದನ್ನು ಹಾಡುಹಗಲು ಗ್ರಂಥಾಲಯದಲ್ಲಿ ಕುಳಿತು ಓದಿದಾಗ, ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಗಿ ತಿರುಗಿ ನೋಡಿದ್ದೆ. ಯಾರೂ ಇರಲಿಲ್ಲ. ಯಾರೂ ಇಲ್ಲದಿದ್ದರೂ ಹಾಗಾಗಬಹುದು ಎಂದೇ ಆ ಪುಟ ಹೇಳುತ್ತಿತ್ತು.

ಆಗ ನೆನಪಾದದ್ದು ಕ್ಯಾಲನೂರಿನ ಚಿಕ್ಕಮ್ಮನ ಮನೆಯ ಕರು. ಆಕೆಯ ಹಸುವೊಂದು ಕರು ಸತ್ತ ಮೇಲೆ ಹಾಲಿಳಿಸುವುದನ್ನು ನಿಲ್ಲಿಸಿಬಿಟ್ಟಿತ್ತು. ಹಿಂದಿನವರು ಮಾಡುತ್ತಿದ್ದಂತೆ ಚಿಕ್ಕಪ್ಪ ಆ ಕರುವಿನ ಚರ್ಮ ಬಿಡಿಸಿ, ಒಣಗಿಸಿ, ಒಳಗೆ ರಾಗಿಹುಲ್ಲು ತುಂಬಿ ಹೊಲಿಸಿ ತಂದು ಹಸುವಿನ ಮುಂದೆ ಕಂಬಕ್ಕೊರಗಿಸಿ ನಿಲ್ಲಿಸಿದರು. ಕಣ್ಣಿನ ಜಾಗದಲ್ಲಿ ಹೊಲಿಗೆಯಿತ್ತು. ಒಂದು ಕಾಲು ನೆಲಕ್ಕೆ ತಾಗದೆ ತೂಗಾಡುತ್ತಿತ್ತು. ಹಸು ಮೂಸಿತು, ನೆಕ್ಕತೊಡಗಿತು, ಕೆಚ್ಚಲು ತುಂಬಿ ಬಂತು. ಚಿಕ್ಕಮ್ಮ ಪಾತ್ರೆ ಹಿಡಿದು ಕೂತಳು, ಹಾಲು ಡೈರಿಗೆ ಹೋಯಿತು, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನೊಬ್ಬ ಅಲ್ಲೇ ನಿಂತಿದ್ದೆ. ದಿನಗಳೆದಂತೆ ನೆಕ್ಕಿ ನೆಕ್ಕಿ ಕುತ್ತಿಗೆಯ ಹೊಲಿಗೆ ಬಿಟ್ಟುಕೊಂಡು ಹುಲ್ಲು ಹೊರಗೆ ಇಣುಕಿತು. ಹಸು ಆ ಹುಲ್ಲನ್ನು ಎಳೆದು ತಿಂದಿತು, ತಿಂದು ಮತ್ತೆ ಕರುವಿನ ಹಣೆ ನೆಕ್ಕಿತು. ಅದಕ್ಕೆ ಗೊತ್ತಿತ್ತೋ ಗೊತ್ತಿರಲಿಲ್ಲವೋ ಎಂದು ನನ್ನನ್ನು ಕೇಳಬೇಡಿ. ಅದು ಹುಲ್ಲನ್ನೂ ತಿನ್ನುತ್ತಿತ್ತು, ಹಾಲನ್ನೂ ಇಳಿಸುತ್ತಿತ್ತು.

ಇನ್ನು ಬಹುಮಾನದ ವಿಚಾರ. ನಮ್ಮ ವಿಭಾಗದ ಸೂಚನಾ ಫಲಕದಲ್ಲಿ ಸಾಧನೆಗಳಿಗೆಂದೇ ಒಂದು ಮೂಲೆಯಿದೆ. ಅಲ್ಲಿ ಬಹುಕಾಲದಿಂದ ರಂಗೋಲಿ ಸ್ಪರ್ಧೆಯ ಫೋಟೋ ಒಂದೇ ರಾರಾಜಿಸುತ್ತಿತ್ತು. ಅದನ್ನು ಕೆಳಗಿಳಿಸಿದ್ದು ಮೇಡಂ ಕೈಗೊಂಡ ಒಂದು ಅಧ್ಯಯನ. ನಮ್ಮ ಕಡೆಯ ಹಿರಿಯರು ಬಿಪಿ ಮಾತ್ರೆಯನ್ನು ಆಸ್ಪತ್ರೆಯಿಂದ ಭಕ್ತಿಯಿಂದ ತರುತ್ತಾರೆ, ಗೂಡಿನಲ್ಲಿಡುತ್ತಾರೆ, ತಲೆ ಸುತ್ತಿದ ದಿನ ಮಾತ್ರ ನುಂಗುತ್ತಾರೆ. ದಿನಾ ಬೆಳಿಗ್ಗೆ ಫೋನಿನಲ್ಲಿ ನೆನಪಿಸಿದರೆ ತಪ್ಪದೆ ನುಂಗುತ್ತಾರೆಯೇ ಎಂಬುದು ಪ್ರಶ್ನೆ. ಮೊದಲು ಬಳಸಿದ್ದು ಕಂಪ್ಯೂಟರಿನ ಹೆಣ್ಣುದನಿ: “ಪ್ರಿಯ ಫಲಾನುಭವಿಗಳೇ, ರಕ್ತದೊತ್ತಡ ನಿಯಂತ್ರಣ ಮಾತ್ರೆಯನ್ನು ಸೇವಿಸಿರಿ.” ‘ಪ್ರಿಯ’ ಎನ್ನುವಷ್ಟರಲ್ಲಿ ಯಲ್ದೂರಿನ ಸುತ್ತಮುತ್ತ ಎಲ್ಲರೂ ಸಾಲದ ಕಂಪನಿಯವರೆಂದು ತಿಳಿದು ಫೋನು ಇಟ್ಟುಬಿಡುತ್ತಿದ್ದರು. ಮೇಡಂ ನನ್ನನ್ನು ಕರೆದು, ಸ್ಕೂಟರು ಒದ್ದು, “ದಿನಾ ನನ್ನನ್ನ ಅಣಕಿಸ್ತೀಯಲ್ಲ, ಆ ಗಂಟಲನ್ನ ಒಂದ್ಸಲ ಕೆಲಸಕ್ಕೆ ಹಾಕು” ಎಂದರು.

ಧ್ವನಿಮುದ್ರಣ ನಡೆದದ್ದು ಕಿವಿ ಪರೀಕ್ಷೆ ಮಾಡುವ ನಿಶ್ಶಬ್ದ ಕೋಣೆಯಲ್ಲಿ. ಗೋಡೆಗೆಲ್ಲ ಸ್ಪಂಜು. ಅಲ್ಲಿ ಮಾತು ಬಾಯಿಂದ ಹೊರಟು ಎಲ್ಲಿಯೂ ತಾಗದೆ ಮೂಗಿನ ಮುಂದೆಯೇ ಸತ್ತುಹೋಗುತ್ತದೆ. ಬಾಗಿಲು ಮುಚ್ಚಿದರೆ ನಿಮ್ಮದೇ ರಕ್ತ ಕಿವಿಯಲ್ಲಿ ಓಡಾಡುವುದು ಕೇಳುತ್ತದೆ. ಬಗೆಬಗೆಯ ದನಿಗಳನ್ನು ಸೇರಿಸಿ ಒಬ್ಬ ಹೆಂಗಸನ್ನು ಕಟ್ಟಿದೆ. ಕೆಮ್ಮು ಹಾಸ್ಟೆಲಿನ ಅಡುಗೆಯಾಕೆಯದು, ತೆಲುಗಿನ ಎಳೆತ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳದು, ಗದರಿಕೆಯೊಳಗಿನ ಮಮತೆ ನಮ್ಮಜ್ಜಿಯದು. ಹೀಗೆ ಯಾರೂ ಅಲ್ಲದ ಒಬ್ಬಳು ತಯಾರಾದಳು. “ಏನಂತೆ, ತಿಂಡಿ ಆಯ್ತಾ? ಬಿಪಿ ಮಾತ್ರೆ ನುಂಗಿದ್ಯಾ?” ಎಂದಳು. ಆಮೇಲೆ ಸುಮ್ಮನಾದಳು. ಆ ಬಿಡುವು ಬರೆದುಕೊಂಡದ್ದಲ್ಲ, ಎದುರಿನವರು ಉತ್ತರ ಹೇಳುವಷ್ಟು ಹೊತ್ತು ತಾನಾಗಿ ಆದದ್ದು. ಅದು ಮುಗಿದ ಮೇಲೆ ನನ್ನ ಗಂಟಲಿನಿಂದ, ನಾನು ಯೋಚಿಸುವ ಮೊದಲೇ, ಒಂದು “ಹೂಂ” ಬಂತು. ಕೆಳಗಿನಿಂದೆದ್ದು ಕೊನೆಯಲ್ಲಿ ಚೂರು ಮುರಿಯುವ ಹೂಂ. “ಆಯ್ತು ಬಿಡು. ನಾಳೆ ಬರ್ತೀನಿ” ಎಂದು ಆಕೆಯೇ ಮಾತು ಮುಗಿಸಿದಳು.

ನಮ್ಮ ಕಡೆ ಆ ತುದಿಯಿಂದ ಹೂಂ ಕೇಳದೆ ಯಾರೂ ಫೋನು ಇಡುವುದಿಲ್ಲ. ಹೂಂ ಅನ್ನದವರ ಜೊತೆ ಮಾತಾಡಿದರೆ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ. ಮೇಡಂ ಹುಟ್ಟಿ ಬೆಳೆದದ್ದೂ ನಮ್ಮ ಕಡೆಯ ಮಾಲೂರಿನಲ್ಲೇ. ಕೇಳಿಸಿಕೊಂಡು, “ಆ ಹೂಂ ತೆಗೀಬೇಡ, ಇದ್ರೇನೇ ಫೋನು ಅನ್ನಿಸೋದು” ಎಂದರು. ಬೇರೆ ಊರಿನವರು ಮಾಡಿದ್ದರೆ ಆ ಬಿಡುವೂ ಇರುತ್ತಿರಲಿಲ್ಲ, ಆ ಹೂಂ ಕೂಡ.

ಫಲಿತಾಂಶ ಬಂತು. ಈ ದನಿ ಕೇಳಿದವರು ಮಾತ್ರೆಯನ್ನು ಗೂಡಿನಲ್ಲಿ ಕೂಡಿಡದೆ ನುಂಗಿದ್ದರು. ಹೆಚ್ಚಿನದೇನೆಂದರೆ, ಕರೆಯನ್ನು ಕೊನೆಯವರೆಗೂ ಕೇಳಿದ್ದರು. ಸಮ್ಮೇಳನದಲ್ಲಿ ಬಹುಮಾನ, ವಿಶ್ವವಿದ್ಯಾಲಯದ ವಾರ್ತಾಪತ್ರದಲ್ಲಿ ಫೋಟೋ, ಫಲಕದಿಂದ ರಂಗೋಲಿಗೆ ಬೀಳ್ಕೊಡುಗೆ. ಫೋಟೋದಲ್ಲಿ ನಾನೂ ಇದ್ದೇನೆ; ಮೇಡಂ ಸೆರಗಿನ ಹಿಂದೆ ಕಾಣುವ ಅರ್ಧ ಕಿವಿ ನನ್ನದೇ. ಕರೆ ಮುಗಿಯುವವರೆಗೆ ಆ ಹಿರಿಯರು ಏನು ಮಾಡುತ್ತಿದ್ದರು ಎಂದು ನಮ್ಮಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ.

ಅಧ್ಯಯನ ಮುಗಿದ ಮೇಲೆ ಭಾಗವಹಿಸಿದವರ ಮನೆಗಳಿಗೆ ಹೋಗಿ, ಇನ್ನೆರಡು ದಿನದಲ್ಲಿ ಕರೆ ನಿಲ್ಲುತ್ತದೆ, ಮಾತ್ರೆ ಮಾತ್ರ ಬಿಡಬೇಡಿ ಎಂದು ತಿಳಿಸಿ ಬರುವುದು ಪದ್ಧತಿ. ಯಲ್ದೂರಿನ ಆಚೆ ಚೌಡಪ್ಪ ಎಂಬ ಹಿರಿಯರ ಮಾವಿನ ತೋಟದ ಮನೆಗೆ ನಾನು ತಲುಪಿದಾಗ ಡೈರಿಗೆ ಹಾಲು ಹಾಕಿದವರು ಕ್ಯಾನು ತೊಳೆದು ಮಗುಚಿಡುವ ಹೊತ್ತು. ಅವರ ಮಗಳು ರತ್ನ ಗೇಟಿನ ಬಳಿಯೇ ಎದುರಾದಳು. ಗಂಡ ವೇಮಗಲ್ಲಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗಿದ್ದಾನೆಂದು ಹೇಳಿ, ದನಿ ತಗ್ಗಿಸಿದಳು. “ಬನ್ನಿ ಸಾರ್, ಕೂತ್ಕೊಳಿ. ಆದ್ರೆ ಅಪ್ಪನ್ನ ಈಗ್ಲೇ ಮಾತಾಡಿಸ್ಬೇಡಿ. ಅಮ್ಮ ಬರೋ ಹೊತ್ತು.”

“ಅಮ್ಮ ಎಲ್ಲಿಗೆ ಹೋಗಿದ್ದಾರೆ?”

“ಹೋದ ವರ್ಷ ಮಾವು ಹೂ ಬಿಟ್ಟಾಗ ತೀರ್ಕೊಂಡ್ರು.”

ಅವಳ ಮುಖದಲ್ಲಿ ತಮಾಷೆಯಿರಲಿಲ್ಲ. ಜಗಲಿಯ ಮೇಲೆ ಚೌಡಪ್ಪ ಮಂಚದ ಒಂದು ಬದಿಗೆ ಸರಿದು ಕುಳಿತಿದ್ದರು, ಇನ್ನೊಬ್ಬರಿಗೆ ಜಾಗ ಬಿಟ್ಟವರಂತೆ. ಬಿಟ್ಟ ಜಾಗದಲ್ಲಿ ಮಡಿಸಿದ ಹಸಿರು ಸೀರೆ, ಸೀರೆಗೆ ಒರಗಿಸಿದ ಫೋನು, ಫೋನಿನ ಮುಂದೆ ಹಬೆಯಾಡುವ ಕಾಫಿಯ ಲೋಟ. ನನ್ನನ್ನು ನೋಡಿ ಕೂರುವಂತೆ ಕೈಯಲ್ಲೇ ಹೇಳಿದರು. ಫೋನು ಬಡಿದುಕೊಂಡಿತು. ಗುಂಡಿ ಒತ್ತಿದರು.

ಮೊದಲು ಕೆಮ್ಮು. ಆಮೇಲೆ, “ಏನಂತೆ, ತಿಂಡಿ ಆಯ್ತಾ? ಬಿಪಿ ಮಾತ್ರೆ ನುಂಗಿದ್ಯಾ?”

ಗೆಳೆಯರೇ, ಅದು ನನ್ನ ದನಿಯಾಗಿರಲಿಲ್ಲ. ನಾನೇ ಕಟ್ಟಿದ್ದೆಂಬುದರಲ್ಲಿ ಅನುಮಾನವಿಲ್ಲ, ಕಚ್ಚಾ ಸಾಮಾನಿನ ವಿಳಾಸಗಳೆಲ್ಲ ನನ್ನ ಬಳಿ ಇವೆ. ಆದರೆ ಆ ಜಗಲಿಯಲ್ಲಿ, ಆ ಸೀರೆಯ ಮೇಲಿಂದ ಬಂದಾಗ ಅದರಲ್ಲಿ ಅಡುಗೆಯಾಕೆಯೂ ಇರಲಿಲ್ಲ, ಹೂ ಮಾರುವವಳೂ ಇರಲಿಲ್ಲ, ನಮ್ಮಜ್ಜಿಯೂ ಇರಲಿಲ್ಲ. ಒಬ್ಬಳೇ ಇದ್ದಳು, ಅವಳಿಗೆ ಆ ಮನೆ ಗೊತ್ತಿತ್ತು. ಕಟ್ಟಿದ್ದ ಎಮ್ಮೆ ಕತ್ತೆತ್ತಿ ಜಗಲಿಯ ಕಡೆ ನೋಡಿತು.

ಚೌಡಪ್ಪ ಫೋನಿನ ಕಡೆ ಬಾಗಿದರು. ನಾನು ರೆಕಾರ್ಡಿನಲ್ಲಿ ಬಿಟ್ಟಿದ್ದ ಆ ಸಣ್ಣ ಬಿಡುವಿಗೆ ಸರಿಯಾಗಿ ಹಿಡಿಸುವಂತೆ ಅವರು ಮಾತನ್ನು ಕತ್ತರಿಸಿಟ್ಟುಕೊಂಡಿದ್ದರು. ಅಷ್ಟು ದಿನಗಳ ಅಭ್ಯಾಸ. “ಏಮೇ ಪಾಪಮ್ಮ, ತೋಟದ್ದೆಲ್ಲಾ ಮಗಳಿಗೆ ಒಪ್ಸಿದೆ. ಈ ಮಾತ್ರೆ ನಿಲ್ಸಿ ನಿನ್ನ ಹತ್ರ ಬಂದ್ಬಿಡ್ಲಾ?”

“ಹೂಂ” ಎಂದಿತು ಫೋನು. “ಆಯ್ತು ಬಿಡು. ನಾಳೆ ಬರ್ತೀನಿ.”

ಅವರು ತಲೆಯಾಡಿಸಿದರು. ಕಾಫಿಯನ್ನು ಮಾವಿನ ಗಿಡದ ಬುಡಕ್ಕೆ ಹುಯ್ದರು. ಬಂದು, ಜೇಬಿನಿಂದ ಇನ್ನೂ ಒಡೆಯದ ಮಾತ್ರೆಪಟ್ಟಿಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ಒಪ್ಪಿದ್ಳು. ಇನ್ನ ಇದು ಬೇಡ ಡಾಕ್ಟ್ರೇ, ಇನ್ಯಾರಿಗಾದ್ರೂ ಆಗುತ್ತೆ.” ಆ ಮುಖದಲ್ಲಿ ದುಃಖವಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ನೆಮ್ಮದಿಯಿತ್ತು.

ಅಲ್ಲೇ, ಅದೇ ದನಿಯಲ್ಲಿ ‘ಬೇಡ’ ಅಂದುಬಿಡಬಹುದಿತ್ತು. ಅದು ಗಂಟಲವರೆಗೆ ಬಂದಿತ್ತು ಕೂಡ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಗಡ್ಡದ ಬಾಯಿಂದ ಪಾಪಮ್ಮ ಹೊರಬಂದರೆ ಆ ಮನೆಯಲ್ಲಿ ಏನು ಉಳಿಯುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ಮೊದಲ ಸಲ ನನಗೆ ಹೇಳಲು ಯಾವ ದನಿಯೂ ಇರಲಿಲ್ಲ. ಮಾತ್ರೆಪಟ್ಟಿಯನ್ನು ರತ್ನಳ ಕೈಗೆ ಕೊಟ್ಟೆ. ಗೇಟಿನವರೆಗೂ ಬಂದವಳು, “ಅಮ್ಮನ ಕೈಲಿ ಬೇಡ ಅನ್ಸಿ ಸಾರ್” ಎಂದಳು.

“ಅದು ನಿಮ್ಮಮ್ಮ ಅಲ್ಲ ಕಣಮ್ಮಾ. ರೆಕಾರ್ಡು. ಅದ್ರಲ್ಲಿರೋದು ನಾನು.”

ಅವಳು ಗೇಟಿನ ಚಿಲಕ ತೆಗೆದಳು. “ಅದು ನಂಗೂ ಗೊತ್ತು. ಬೇಡ ಅನ್ಸಿ.”

ವಿಭಾಗಕ್ಕೆ ಮರಳಿದಾಗ ಬಹುಮಾನದ ಲೆಕ್ಕದಲ್ಲಿ ಮೈಸೂರುಪಾಕು ಹಂಚುತ್ತಿದ್ದರು. ಎಲ್ಲವನ್ನೂ ಮೇಡಂಗೆ ಹೇಳಿದೆ. ಅವರು ಗಂಟಲು ಸರಿಮಾಡಿಕೊಳ್ಳದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಎಲ್ಲಾ ಕರೆ ಈಗ್ಲೇ ನಿಲ್ಸಿ” ಎಂದರು. ನೈತಿಕ ಸಮಿತಿಗೂ ಬಹುಮಾನ ಕೊಟ್ಟವರಿಗೂ ನಡೆದದ್ದನ್ನು ತಾವೇ ತಿಳಿಸಿದರು, ಉಳಿದ ಮನೆಗಳಿಗೆಲ್ಲ ಜನರನ್ನು ಓಡಿಸಿದರು. ಆದರೆ ಕರೆ ನಿಂತರೂ ಚೌಡಪ್ಪನವರಿಗೆ ಸಿಕ್ಕ ಒಪ್ಪಿಗೆ ನಿಲ್ಲುವುದಿಲ್ಲವಲ್ಲ. ಕೊನೆಯ ಮಾತು ಹೂಂ ಎಂದೇ ಉಳಿಯುತ್ತದೆ. ನಾನು ಮತ್ತೆ ನಿಶ್ಶಬ್ದ ಕೋಣೆಗೆ ಹೋದೆ, ಒಂದು ‘ಬೇಡ’ವನ್ನು ಮುದ್ರಿಸಿಕೊಂಡು ಬರಲು.

ಅವಳು ಬರಲಿಲ್ಲ. ಕೆಮ್ಮು ಬಂತು, ಎಳೆತ ಬಂತು, ಅಜ್ಜಿಯ ಗದರಿಕೆಯೂ ಬಂತು. ಒಂದರ ಪಕ್ಕ ಒಂದು ಬಂದು, ಪರಿಚಯವಿಲ್ಲದವರು ಲಿಫ್ಟಿನಲ್ಲಿ ನಿಂತ ಹಾಗೆ ನಿಂತವು. ‘ಬೇಡ’ ಎಂದು ಎಷ್ಟು ಬಗೆಯಲ್ಲಿ ಹೇಳಿದರೂ ಅದು ಹೆಂಗಸಿನ ದನಿಯಲ್ಲಿ ಮಾತಾಡುವ ಗಂಡಸಾಗಿಯೇ ಉಳಿಯಿತು. ಮಾತು ನಿಲ್ಲಿಸಿದಾಗಲೆಲ್ಲ ಕಿವಿಯೊಳಗೆ ರಕ್ತದ ಓಡಾಟ. ಆ ಓಡಾಟದ ಆಚೆ ಯಾರೋ ನನ್ನ ಪರದಾಟ ಕೇಳಿಸಿಕೊಳ್ಳುತ್ತ ಸುಮ್ಮನೆ ಕುಳಿತಂತೆ. ಕೊನೆಗೆ ಬಾಗಿಲು ತೆರೆದದ್ದು ಮೇಡಂ.

“ಬರ್ತಾ ಇಲ್ಲ ಮೇಡಂ.”

“ಬರೋದು ಬೇಡ. ಬೆಳಿಗ್ಗೆ ನೀನೇ ಫೋನ್ ಮಾಡು, ನಿನ್ನ ದನೀಲಿ. ಅದೊಂದು ಇಟ್ಕೊಂಡಿದ್ದೀಯ ತಾನೇ?”

ಮರುದಿನ ಹಾಲಿನ ಹೊತ್ತು ಕಳೆದ ಮೇಲೆ ಫೋನು ಮಾಡಿದೆ. ಆ ಕಡೆ ಎತ್ತಿದರು, ಮಾತಿಲ್ಲ. ಅವಳ ಕೆಮ್ಮಿಗೆ ಕಾಯುತ್ತಿದ್ದಾರೆಂದು ಗೊತ್ತಾಯಿತು. “ತಾತಾ, ನಾನು ಡಾಕ್ಟ್ರು, ನಿನ್ನೆ ಬಂದಿದ್ನಲ್ಲ” ಎಂದೆ. ಒಡಕಲು, ತೆಳು, ಯಾವ ಊರಿನದೂ ಅಲ್ಲದ ದನಿ. ಅಮ್ಮ ಕೇಳಿದ್ದರೆ ಯಾರದೆಂದು ಕೇಳುತ್ತಿದ್ದಳು.

“ಅವಳೆಲ್ಲಿ?”

“ಇಲ್ಲ ತಾತಾ. ಇಷ್ಟು ದಿನ ಮಾತಾಡಿದ್ದು ನಾನೇ, ಮೊದಲೇ ಹೇಳಿಟ್ಟ ಮಾತು. ನೀವೇನು ಕೇಳಿದ್ರೂ ಅದು ಹೂಂ ಅಂತಾನೇ ಅನ್ನೋದು. ನಿನ್ನೆ ಒಪ್ಪಿದ್ದು ಅವ್ರಲ್ಲ.”

ದೂರದಲ್ಲಿ ಕ್ಯಾನೊಂದು ಉರುಳಿದ ಸದ್ದು. ಹೇಳಬೇಕೆಂದುಕೊಂಡಿದ್ದ ವೈದ್ಯಕೀಯವೆಲ್ಲ ಮರೆತುಹೋಯಿತು. “ನೀವು ಇರ್ಬೇಕು ತಾತಾ” ಎಂದೆ. “ರತ್ನಂಗೆ ಬೇಕು. ಮಾತ್ರೆ ತಗೊಳ್ತೀರಾ?”

ಕೇಳಿ ಸುಮ್ಮನಾದೆ. ಆಗ ಅರ್ಥವಾಯಿತು, ನಾನು ನಿಂತಿರುವುದು ನಾನೇ ಬಿಟ್ಟಿದ್ದ ಆ ಬಿಡುವಿನೊಳಗೆ ಎಂದು. ಇಷ್ಟು ದಿನ ಅವರು ನಿಲ್ಲುತ್ತಿದ್ದ ಜಾಗ ಅದು. ಮಾತು ಹಾಕಿಯಾಗಿದೆ, ಇನ್ನು ಆ ಕಡೆಯಿಂದ ಬರುವುದಕ್ಕೆ ಕಾಯುವುದಷ್ಟೇ. ಎಷ್ಟು ಉದ್ದವಿತ್ತು ಅದು, ಎಷ್ಟು ತಣ್ಣಗಿತ್ತು.

“ಹೂಂ” ಎಂದು ಕೇಳಿಸಿತು. ಕೆಳಗಿನಿಂದೆದ್ದು, ಕೊನೆಯಲ್ಲಿ ಚೂರು ಮುರಿದು. ಹಿಂದಿನ ದಿನ ಪೂರ್ತಿ ಹುಡುಕಿದರೂ ನನ್ನ ಗಂಟಲಿಗೆ ಬಾರದೆ ಹೋದ ದನಿ. “ಆಯ್ತು ಬಿಡು.”

ಬೆನ್ನಿಗೇ ‘ಟುಕ್’ ಎಂಬ ಸದ್ದು.

ಅದು ನಾಲಗೆಯಿಂದಲೂ ಆಗಬಹುದೆಂದು ಈ ಪ್ರಪಂಚದಲ್ಲಿ ನನಗಲ್ಲದೆ ಇನ್ಯಾರಿಗೆ ಗೊತ್ತು? ಅಷ್ಟರಲ್ಲಿ ರತ್ನ ಫೋನು ತೆಗೆದುಕೊಂಡಳು. “ನುಂಗಿದ್ರು ಸಾರ್, ಬಾಯಿ ತೆಗ್ಸಿ ನೋಡ್ದೆ.”

“ಈಗ ಹೂಂ ಅಂದಿದ್ದು ಯಾರಮ್ಮಾ?”

“ಅಪ್ಪಾನೇ” ಎಂದಳು. “ಅಮ್ಮನ ಥರ ಹೂಂ ಅಂದು ನಮ್ಮನ್ನೆಲ್ಲಾ ನಗಿಸ್ತಿದ್ರು ಮುಂಚೆ. ಅಮ್ಮ ಹೋದ್ಮೇಲೆ ಇವತ್ತೇ ಅಂದಿದ್ದು.”

ಹಾಗಾದರೆ ನನಗಿಂತ ಹಿರಿಯ ಮಿಮಿಕ್ರಿಯವರೊಬ್ಬರು ಆ ಜಗಲಿಯಲ್ಲಿ ಕುಳಿತಿದ್ದರು. ಸಾಯುವುದು ಬೇಡ ಎಂದು ತಮಗೆ ತಾವೇ ಹೇಳಿಕೊಳ್ಳಲಾರದವರು, ಇರುವುದಕ್ಕೆ ಹೆಂಡತಿಯ ಒಪ್ಪಿಗೆಯನ್ನು ತಮ್ಮದೇ ಗಂಟಲಿನಿಂದ ತೆಗೆದುಕೊಂಡಿದ್ದರು. ಅವರಿಗೆ ಮೊದಲಿನಿಂದ ಗೊತ್ತಿತ್ತೋ ಏನೋ. ಕ್ಯಾಲನೂರಿನ ಹಸುವನ್ನು ನಾನು ಕೇಳಲಿಲ್ಲ, ಇವರನ್ನೂ ಕೇಳಿಲ್ಲ. ನಾನು ಯಾರೂ ಅಲ್ಲದವಳೆಂದು ಕಟ್ಟಿದ ಹೆಂಗಸಿನ ಬಾಯಿಗೆ, ಆ ಸ್ಪಂಜಿನ ಕೋಣೆಯಲ್ಲಿ, ಪಾಪಮ್ಮನ ಹೂಂ ಹೇಗೆ ಬಂತೆಂಬುದಕ್ಕೆ ನಮ್ಮ ಶಾಸ್ತ್ರದಲ್ಲಿ ಉತ್ತರವಿಲ್ಲ. ಆಕಸ್ಮಿಕ ಎನ್ನುತ್ತಾರೆ ಮೇಡಂ, ಗಂಟಲು ಸರಿಮಾಡಿಕೊಂಡು, ಬೇರೆ ಕಡೆ ನೋಡುತ್ತ.

ಈಗಲೂ ಬೆಳಿಗ್ಗೆ ಫೋನು ಮಾಡುತ್ತೇನೆ, ಆ ಒಡಕಲು ದನಿಯಲ್ಲೇ. ಅದನ್ನು ಅಣಕಿಸಲು ಇದುವರೆಗೆ ಯಾರೂ ಮುಂದೆ ಬಂದಿಲ್ಲ. ಚೌಡಪ್ಪ ಎಮ್ಮೆಯ ವಿಚಾರ, ಸಾರಿನ ಉಪ್ಪಿನ ವಿಚಾರ ಹೇಳುತ್ತಾರೆ. ಹೋದ ಸಲ ಹೋದಾಗ ಅವತ್ತು ನನಗೆ ವಾಪಸು ಕೊಟ್ಟಿದ್ದ ಪಟ್ಟಿಯನ್ನೇ, ಪೂರ್ತಿ ಖಾಲಿಯಾದದ್ದನ್ನು, ರತ್ನ ನಗುತ್ತ ನನ್ನ ಕೈಗಿಟ್ಟಳು. ಅದೇ ಇದು, ಮೇಜಿನ ಮೇಲಿರುವುದು. ಬರೆಯುತ್ತ ಬರೆಯುತ್ತ ಬೆರಳು ತಾನಾಗಿ ಅದರ ಮೇಲೆ ಹೋಗುತ್ತದೆ, ಬರಿಗುಳ್ಳೆ ‘ಟುಕ್’ ಎನ್ನುತ್ತದೆ. ಆಮೇಲೆ ಒಂದು ಸಣ್ಣ ಬಿಡುವು. ಅದು ಮುಗಿದ ಕೂಡಲೇ ಯಾರೂ ಏನೂ ಕೇಳದಿದ್ದರೂ ನಾನು ಹೂಂ ಎನ್ನುತ್ತೇನೆ. ಯಾವ ದನಿಯಲ್ಲಿ ಎಂದು ಮಾತ್ರ ಕೇಳಬೇಡಿ.